ರಾಣಿ ಮಲಗಿದ ಮಂಚ ಹುಡುಕಬೇಡಿ

ಪ್ರಶ್ನೆ: ನಾನು ಮೈಸೂರಿನವಳು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮಗಳು, ಅಳಿಯ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾರೆ. ಬರುವ ಜುಲೈನಲ್ಲಿ ನಾನೂ ಯಜಮಾನರೂ ಅಲ್ಲಿಗೆ ಹೋಗುತ್ತಿದ್ದೇವೆ. ಇಂಗ್ಲೆಂಡಿನ ಟ್ಯೂಡರ್ ವಂಶದ ರಾಜರು, ಅದರಲ್ಲೂ 16ನೇ ಶತಮಾನದ ಮೊದಲನೇ ಎಲಿಜಬೆತ್ ರಾಣಿ, ಬೇಸಿಗೆಯಲ್ಲಿ ಸವಾರಿ ಹೋದಾಗ ಮೊಕ್ಕಾಂ ಮಾಡುತ್ತಿದ್ದ ಕೋಟೆಗಳನ್ನು, ಮನೆಗಳನ್ನು ನೋಡಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ಅಳಿಯ ಹೇಳುವುದೇ ಬೇರೆ. ಕೆನಿಲ್‌ವರ್ತ್ ಕೋಟೆ ಪಾಳು ಬಿದ್ದಿದೆಯಂತೆ. ಬರ್ಲಿ ಹೌಸ್‌ನಲ್ಲಿ ರಾಣಿ ಒಂದು ರಾತ್ರಿಯೂ ಕಳೆದಿಲ್ಲವಂತೆ. ಉಳಿದ ಕಡೆ ತೋರಿಸುವ ಮಂಚ, ಕುರ್ಚಿಯೆಲ್ಲ ಆಮೇಲೆ ತಂದಿಟ್ಟದ್ದಂತೆ. 'ಪಾಳು ಗೋಡೆ ನೋಡೋಕೆ ಹಂಪಿ ಸಾಲದಾ' ಅಂತ ಯಜಮಾನರು. ಅವರಿಗೆ ಮಂಡಿ ನೋವು ಬೇರೆ. ಅಷ್ಟು ದುಡ್ಡು ಕೊಟ್ಟು ಹೋಗಿ ಮೋಸ ಹೋಗುತ್ತೇವಾ? ಹೋಗುವುದಾದರೆ ಎಲ್ಲಿಗೆ ಹೋಗೋಣ?

ಉತ್ತರ: ನಿಮ್ಮ ಅಳಿಯ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಮಂಚದ ವಿಷಯವಂತೂ ಹೆಚ್ಚುಕಡಿಮೆ ಪೂರ್ತಿ ನಿಜ. ಆದರೂ ನೀವು ಹೋಗಲೇಬೇಕು ಅಂತಲೇ ನಾನು ಹೇಳುತ್ತೇನೆ. ಇಂಗ್ಲೆಂಡಿನ ಈ ಹಳೆ ಮನೆಗಳನ್ನು ನಮ್ಮ ಕಡೆಯಿಂದ ಬಂದವರಿಗೆ ತೋರಿಸುವುದೇ ನನ್ನ ಕಸುಬು. ಬೇಸರ ಮಾಡಿಕೊಂಡು ಹೊರಗೆ ಬರುವವರನ್ನು ಆಗಾಗ ನೋಡುತ್ತೇನೆ. ಅವರೆಲ್ಲ ಸಾಮಾನ್ಯವಾಗಿ ರಾಣಿ ಇದ್ದಾಗ ಹೇಗಿತ್ತೋ ಹಾಗೇ ಇರುವ ಕೋಣೆ ಹುಡುಕಿಕೊಂಡು ಬಂದಿರುತ್ತಾರೆ. ಅಂಥ ಕೋಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾಣಿಯ ಅಪ್ಪನ ಕಾಲದ್ದು ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಯಾಕೆ ಇಲ್ಲ? ಟ್ಯೂಡರ್ ಸವಾರಿ ಅಂದರೆ ನಮ್ಮ ಹಳೆ ನಾಟಕ ಕಂಪನಿ ಊರಿಂದೂರಿಗೆ ಹೊರಟ ಹಾಗೆ. ಪರದೆ, ಪೆಟ್ಟಿಗೆ, ಅಡುಗೆಯವರು, ದೀಪದವರು ಎಲ್ಲ ಜೊತೆಗೇ ಬರುತ್ತಾರೆ. ಕ್ಯಾಂಪ್ ಎತ್ತಿದ ಮೇಲೆ ಅಲ್ಲಿ ಉಳಿಯುವುದು ಬರೀ ಬಯಲು. ಎಲಿಜಬೆತ್ ಹೊರಟರೆ ಹಿಂದೆ 300ರಿಂದ 400 ಗಾಡಿ ಇರುತ್ತಿದ್ದವು ಎಂದು ಲೆಕ್ಕ ಹೇಳುತ್ತಾರೆ. ದಿನಕ್ಕೆ 10-12 ಮೈಲಿ ಸಾಗಿದರೆ ಅದೇ ಜಾಸ್ತಿ. ರಾಣಿಯ ಮಂಚ, ಹಾಸಿಗೆ, ಗೋಡೆಗೆ ತೂಗುಬಿಡುವ ಚಿತ್ರದ ಪರದೆಗಳು, ಬೆಳ್ಳಿ ಪಾತ್ರೆ, ಎಲ್ಲವೂ ಗಾಡಿಯಲ್ಲೇ. ಮುಂಚೆಯೇ ಅರಮನೆಯ ನೌಕರರು ಹೋಗಿ ಮನೆ ನೋಡಿ, ಯಾರಿಗೆ ಯಾವ ಕೋಣೆ ಎಂದು ಗೊತ್ತುಮಾಡುತ್ತಿದ್ದರು. ಅವಳ ಅಪ್ಪ 8ನೇ ಹೆನ್ರಿಯಂತೂ ತಾನು ಮಲಗುವ ಕೋಣೆಯ ಬಾಗಿಲಿಗೆ ತನ್ನದೇ ಬೀಗ ಹಾಕಿಸುತ್ತಿದ್ದ. ಆ ಬೀಗವೂ ಅವನ ಜೊತೆಗೇ ಮುಂದಿನ ಊರಿಗೆ ಹೋಗುತ್ತಿತ್ತು.

ಹಾಗಾಗಿ 'ಇದೇ ರಾಣಿ ಮಲಗಿದ ಮಂಚ' ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ನಿಜವಾದ ಎಲಿಜಬೆತ್ ಕಾಲದ ಮಂಚ ನೋಡಲೇಬೇಕು ಅಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 'ಗ್ರೇಟ್ ಬೆಡ್ ಆಫ್ ವೇರ್' ಇದೆ. ಸುಮಾರು 1590ರದ್ದು, ಮೂರು ಮೀಟರಿಗಿಂತ ಅಗಲ. ಪ್ರವೇಶ ಉಚಿತ. ತಮಾಷೆ ಅಂದರೆ ಅದರ ಮೇಲೆ ಮಲಗಿದವರು ಛತ್ರಕ್ಕೆ ಬಂದ ಗಿರಾಕಿಗಳು.

ಇನ್ನು ಬರ್ಲಿ. ಎಲಿಜಬೆತ್‌ಳ ಮುಖ್ಯ ಮಂತ್ರಿ ವಿಲಿಯಂ ಸೆಸಿಲ್ ಕಟ್ಟಿಸಿದ ಮನೆ ಅದು. 1566ರಲ್ಲಿ ರಾಣಿ ಅಲ್ಲಿಗೆ ಬರಬೇಕಿತ್ತು. ಸೆಸಿಲ್ ಮಗಳಿಗೆ ಸಿಡುಬು ಬಂದಿದ್ದರಿಂದ ಪಕ್ಕದ ಸ್ಟ್ಯಾಮ್‌ಫರ್ಡ್ ಊರಿನಲ್ಲೇ ಸತ್ಕಾರ ಮಾಡಿ ಕಳಿಸಿದರು. ಅದಕ್ಕಿಂತ ಪಾಪ ಅನ್ನಿಸುವುದು ರಾಣಿಯ ದರ್ಬಾರಿನ ಕ್ರಿಸ್ಟೋಫರ್ ಹ್ಯಾಟನ್ ಕತೆ. ಹೋಲ್ಡನ್‌ಬಿ ಎಂಬಲ್ಲಿ ರಾಣಿಗಾಗಿಯೇ ಆಗಿನ ಕಾಲದ ಅತಿ ದೊಡ್ಡ ಮನೆಗಳಲ್ಲೊಂದನ್ನು ಕಟ್ಟಿಸಿದ. ಕರ್ಬಿ ಹಾಲ್ ಎಂಬ ಇನ್ನೊಂದನ್ನು ಕೊಂಡ. ಎರಡಕ್ಕೂ ರಾಣಿ ಬರಲಿಲ್ಲ. ಹೋಲ್ಡನ್‌ಬಿಯ ಬಹುಭಾಗವನ್ನು ಮುಂದಿನ ಶತಮಾನದಲ್ಲಿ ಕೆಡವಿಹಾಕಿದರು.

ರಾಣಿ ನಿಜವಾಗಿ ಪದೇ ಪದೇ ಹೋಗುತ್ತಿದ್ದ ಮನೆಗಳ ಗತಿಯೂ ಅಷ್ಟೇ. ಸೆಸಿಲ್‌ನ ಇನ್ನೊಂದು ಮನೆ ಥಿಯೋಬಾಲ್ಡ್ಸ್‌ಗೆ ಅವಳು ಹತ್ತಕ್ಕೂ ಹೆಚ್ಚು ಸಲ ಹೋಗಿದ್ದಳು. ಈಗ ಅಲ್ಲಿರುವುದು ಒಂದು ಪಾರ್ಕು, ನಾಲ್ಕು ಮುರಿದ ಗೋಡೆ. ಅವಳು ತೀರಿಕೊಂಡ ರಿಚ್ಮಂಡ್ ಅರಮನೆಯಲ್ಲಿ ಉಳಿದಿರುವುದು ಹೆಬ್ಬಾಗಿಲಿನಂಥ ಒಂದೆರಡು ಭಾಗ ಅಷ್ಟೇ. ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಕೂಡ ಹೆನ್ರಿಯ ದೊಡ್ಡ ಹಾಲು, ಪ್ರಾರ್ಥನಾ ಮಂದಿರ, ಅಡುಗೆಮನೆಗಳು ಉಳಿದಿವೆ. ಆದರೆ ರಾಜ, ರಾಣಿ ಸ್ವಂತ ಇರುತ್ತಿದ್ದ ಕೋಣೆಗಳನ್ನು 1689ರ ನಂತರ ಮೂರನೇ ವಿಲಿಯಂ ಕೆಡವಿ ಹೊಸದಾಗಿ ಕಟ್ಟಿಸಿದ.

ಇದಕ್ಕೆಲ್ಲ ದೊಡ್ಡ ಕಾರಣ 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಶುರುವಾದ ಅಂತರ್ಯುದ್ಧ. ಗೆದ್ದ ಪಾರ್ಲಿಮೆಂಟಿನವರು ಮತ್ತೆ ಯಾರೂ ಕೋಟೆಯೊಳಗೆ ಕೂತು ಯುದ್ಧ ಮಾಡಬಾರದು ಎಂದು ಬೇಕೆಂದೇ ಕೋಟೆಗಳನ್ನು ಒಡೆದರು. ಕೆನಿಲ್‌ವರ್ತ್, ಸೂಡ್ಲಿ, ಪಾಂಟಿಫ್ರಾಕ್ಟ್ ಮೂರೂ 1649ರ ಆಸುಪಾಸಿನಲ್ಲಿ ಹೀಗೆ ಹಾಳಾದವು. ಉಳಿದವನ್ನು ಫ್ಯಾಶನ್ ಹಾಳು ಮಾಡಿತು. ದುಡ್ಡಿದ್ದ ಕುಟುಂಬಗಳು ತಲೆಮಾರಿಗೊಮ್ಮೆ ಮನೆಯನ್ನು ಹೊಸ ಕಾಲಕ್ಕೆ ತಕ್ಕ ಹಾಗೆ ಮಾಡಿಸಿದವು. ಹಾಗಾಗಿ ದುಡ್ಡಿಲ್ಲದವರ ಮನೆಗಳಲ್ಲೇ ಹಳೆಯದು ಜಾಸ್ತಿ ಉಳಿದಿದೆ.

ಇನ್ನೊಂದು ಮಾತು ನೀವು ಅಲ್ಲಿ ಕೇಳುತ್ತೀರಿ: ರಾಣಿ ಖರ್ಚು ಉಳಿಸಲು ಊರು ಸುತ್ತುತ್ತಿದ್ದಳು, ಹೋದ ಮನೆಯವರನ್ನೆಲ್ಲ ದಿವಾಳಿ ಮಾಡುತ್ತಿದ್ದಳು ಅಂತ. ಗೈಡ್‌ಗಳಿಗೆ ಇದು ಬಹಳ ಇಷ್ಟದ ಕತೆ. ಅಷ್ಟು ಸರಳ ಇಲ್ಲ. ಅರಮನೆಯ ಖರ್ಚು ಸವಾರಿಯಲ್ಲಿ ಕಡಿಮೆಯಾಗುತ್ತಿರಲಿಲ್ಲ, ಸಾಗಾಟದಿಂದ ಜಾಸ್ತಿಯೇ ಆಗುತ್ತಿತ್ತು. ಪರಿವಾರಕ್ಕೆ ಬೇಕಾದ ದವಸಧಾನ್ಯವನ್ನು ಬಹುಮಟ್ಟಿಗೆ ಅರಮನೆಯವರೇ ಕೊಳ್ಳುತ್ತಿದ್ದರು. ಕೊಳ್ಳುವಾಗ ಪೇಟೆ ದರಕ್ಕಿಂತ ಕಡಿಮೆ ಕೊಟ್ಟು ಎತ್ತಿಕೊಂಡು ಹೋಗುವ ಹಕ್ಕು ಅವರಿಗಿತ್ತು. ನಿಜವಾಗಿ ಪೆಟ್ಟು ತಿಂದವನು ಸುತ್ತಲಿನ ರೈತ. ಮನೆಯ ಯಜಮಾನ ಮಾಡುತ್ತಿದ್ದ ಖರ್ಚು ಬಹುತೇಕ ಸ್ವಂತ ಇಷ್ಟದ್ದು. ಉಡುಗೊರೆ, ಪಟಾಕಿ, ನಾಟಕ, ಹೊಸ ಕಟ್ಟಡ. ಥಿಯೋಬಾಲ್ಡ್ಸ್‌ಗೆ ರಾಣಿ ಬಂದಾಗಲೆಲ್ಲ ಸೆಸಿಲ್‌ಗೆ ಎರಡು ಮೂರು ಸಾವಿರ ಪೌಂಡ್ ಆಗುತ್ತಿತ್ತು ಅಂತಾರೆ. ಅವನು ಕರೆಯುವುದನ್ನು ನಿಲ್ಲಿಸಲಿಲ್ಲವಲ್ಲ! ಆದರೆ ಎಲ್ಲರೂ ಅವನಷ್ಟು ಗಟ್ಟಿ ಕುಳಗಳಲ್ಲ. 1572ರಲ್ಲಿ ರಾಣಿ ವೋಬರ್ನ್‌ಗೆ ಬರುತ್ತಾಳೆಂದು ಗೊತ್ತಾದಾಗ ಅಲ್ಲಿನ ಸರದಾರ ಬೆಡ್‌ಫರ್ಡ್ ಅರ್ಲ್ (ಅರ್ಲ್ ಅನ್ನುವುದು ಒಂದು ಬಿರುದು), ಎರಡು ರಾತ್ರಿ ಒಂದು ಹಗಲಿಗಿಂತ ಹೆಚ್ಚು ಇರದ ಹಾಗೆ ನೋಡಿಕೊಳ್ಳಿ ಎಂದು ಸೆಸಿಲ್‌ಗೆ ಪತ್ರ ಬರೆದ.

ಹಾಗಾದರೆ ಯಾಕೆ ಹೊರಡುತ್ತಿದ್ದರು? ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಪ್ಲೇಗ್. ನೂರಾರು ಜನ ತಿಂಗಳುಗಟ್ಟಲೆ ಇದ್ದ ಅರಮನೆಗಳು ನಾರುತ್ತಿದ್ದವು, ಖಾಲಿ ಮಾಡಿ ತೊಳೆಯಬೇಕಿತ್ತು. ಬೇಟೆಯ ಖುಷಿಯೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಜನರ ಕಣ್ಣಿಗೆ ಬೀಳಬೇಕಿತ್ತು. ಎಲಿಜಬೆತ್ ಈ ವಿಷಯದಲ್ಲಿ ಜಾಣೆ, ಆದರೆ ಹುಷಾರು. ಪಶ್ಚಿಮಕ್ಕೆ ಬ್ರಿಸ್ಟಲ್, ಉತ್ತರಕ್ಕೆ ಸ್ಟಾಫರ್ಡ್, ಪೂರ್ವಕ್ಕೆ ನಾರಿಚ್. ಅದರಾಚೆ ಹೋಗಲಿಲ್ಲ. ಯಾರ್ಕ್ ನೋಡಲೇ ಇಲ್ಲ.

ನನ್ನ ಸಲಹೆ ಇಷ್ಟು: ಪ್ರಸಿದ್ಧ ಕೋಟೆಗಳ ಪಟ್ಟಿ ಹಿಡಿದು ಇಂಗ್ಲೆಂಡ್ ತುಂಬ ಓಡಾಡಬೇಡಿ. ಒಂದು ವರ್ಷದ ಒಂದು ಸವಾರಿಯನ್ನು ಆರಿಸಿಕೊಂಡು ಅದರ ದಾರಿ ಹಿಡಿಯಿರಿ. ಆಗ ಪಾಳು ಗೋಡೆಯೂ ಮಾತಾಡುತ್ತದೆ. ನಿಮ್ಮ ಅದೃಷ್ಟಕ್ಕೆ ಮಗಳು ಇರುವ ಊರು 1575ರ ಸವಾರಿಯ ಪಕ್ಕದಲ್ಲೇ ಇದೆ. ಆ ಬೇಸಿಗೆ ರಾಣಿ ಕೆನಿಲ್‌ವರ್ತ್‌ನಿಂದ ಲಿಚ್‌ಫೀಲ್ಡ್, ಸ್ಟಾಫರ್ಡ್ ಕಡೆ ಹೋಗಿ, ಅಲ್ಲಿಂದ ತೆಂಕಣಕ್ಕೆ ತಿರುಗಿ ವುಸ್ಟರ್, ಸೂಡ್ಲಿ, ವುಡ್‌ಸ್ಟಾಕ್ ಮುಟ್ಟಿದಳು. ಇದರಲ್ಲಿ ಬಹುಪಾಲು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರ.

ಮೊದಲು ಕೆನಿಲ್‌ವರ್ತ್. ಅರ್ಧ ದಿನ ಸಾಲದು, ಇಡೀ ದಿನ ಇಡಿ. ರಾಬರ್ಟ್ ಡಡ್ಲಿ, ಅಂದರೆ ಲೆಸ್ಟರ್ ಅರ್ಲ್, ರಾಣಿಯನ್ನು ಮದುವೆಯಾಗುವ ಆಸೆ ಇಟ್ಟುಕೊಂಡಿದ್ದವನು. 1575ರ ಜುಲೈನಲ್ಲಿ ಅವಳು ಇಲ್ಲಿ 19 ದಿನ ಇದ್ದಳು. ಒಬ್ಬ ಪ್ರಜೆಯ ಮನೆಯಲ್ಲಿ ಅವಳು ಇಷ್ಟು ದಿನ ಇದ್ದದ್ದು ಬೇರೆಲ್ಲೂ ಇಲ್ಲ. ರಾತ್ರಿ ಬಂದಿಳಿದಾಗ ಕೆರೆಯ ಮೇಲೆ ತೇಲುವ ದ್ವೀಪದಲ್ಲಿ 'ಸರೋವರದ ದೇವತೆ' ಬಂದು ಸ್ವಾಗತಿಸಿದಳು. ರಾಣಿ ಇದ್ದಷ್ಟು ದಿನ ಕೋಟೆಯ ಗಡಿಯಾರ ನಿಲ್ಲಿಸಿದ್ದರು. ಪಟಾಕಿ, ಕರಡಿ ಕಾಳಗ, ನಾಟಕ ಎಲ್ಲ ಆಯಿತು. ಮದುವೆಯ ಸುಳಿವು ಕೊಡುವ ಒಂದು ನಾಟಕವನ್ನು ಮಾತ್ರ ಆಡಲಾಗಲಿಲ್ಲ. ಮಳೆ ಕಾರಣ ಅಂತ ಹೇಳಿದರು. ಮಳೆಯೋ, ರಾಣಿಗೆ ಆ ವಿಷಯ ಬೇಡವಾಗಿತ್ತೋ, ನೀವೇ ಯೋಚಿಸಿ.

ಅಲ್ಲಿ ನೋಡಬೇಕಾದ್ದು 'ಲೆಸ್ಟರ್ಸ್ ಬಿಲ್ಡಿಂಗ್'. ರಾಣಿ ತಂಗಲೆಂದೇ ಡಡ್ಲಿ ಕಟ್ಟಿಸಿದ ನಾಲ್ಕು ಅಂತಸ್ತಿನ ಕಟ್ಟಡ. ಸೂರಿಲ್ಲ, ನೆಲವಿಲ್ಲ. ಆದರೆ ಕಿಟಕಿಗಳ ಚೌಕಟ್ಟು ಇದೆ. ಗಾಜು ಚಿನ್ನದಂಥ ಬೆಲೆಯಿದ್ದ ಕಾಲದಲ್ಲಿ ಅಷ್ಟು ದೊಡ್ಡ ಕಿಟಕಿ! ರಾತ್ರಿ ಒಳಗೆ ದೀಪ ಹಚ್ಚಿದರೆ ಇಡೀ ಕಟ್ಟಡ ಲಾಟೀನಿನ ಹಾಗೆ ಹೊಳೆಯಬೇಕು, ಅದು ಕೆಳಗಿನ ಕೆರೆಯಲ್ಲಿ ಕಾಣಬೇಕು, ಇದೇ ಲೆಕ್ಕಾಚಾರ. ಕೆರೆ ಈಗಿಲ್ಲ, ಅಂತರ್ಯುದ್ಧ ಮುಗಿದ ಮೇಲೆ ಏರಿ ಒಡೆದು ಖಾಲಿ ಮಾಡಿದರು. ಕಿಟಕಿ ಇದ್ದ ಎತ್ತರದಲ್ಲಿ ನಿಂತು ಆಚೆಯ ಹುಲ್ಲುಗಾವಲು ನೋಡಿದರೆ ಅದು ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗುತ್ತದೆ. ಮಂಚ, ಕುರ್ಚಿ ತುಂಬಿದ ಕೋಣೆ ಇದನ್ನೆಲ್ಲ ಹೇಳುವುದಿಲ್ಲ.

ತೋಟವನ್ನೂ ಬಿಡಬೇಡಿ. ಅದು 2009ರಲ್ಲಿ ಮತ್ತೆ ಮಾಡಿದ್ದು. ಸುಳ್ಳು ತೋಟ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1575ರಲ್ಲಿ ಅಲ್ಲಿದ್ದ ರಾಬರ್ಟ್ ಲ್ಯಾಂಗಮ್ ಎಂಬವನ ಹೆಸರಿನಲ್ಲಿ ಒಂದು ಉದ್ದದ ಪತ್ರ ಇದೆ. ರಾಣಿ ಬೇಟೆಗೆ ಹೋದ ಹೊತ್ತಿನಲ್ಲಿ ತೋಟದವನು ಅವನನ್ನು ಒಳಗೆ ಬಿಟ್ಟನಂತೆ. ಅವನು ಕಾರಂಜಿ, ಹಕ್ಕಿಮನೆ, ಹೂವಿನ ಪಾತಿಗಳನ್ನೆಲ್ಲ ಬಿಡಿಬಿಡಿಯಾಗಿ ವರ್ಣಿಸಿದ್ದಾನೆ. ಆ ಪತ್ರ ಮತ್ತು ಅಲ್ಲಿ ಅಗೆದಾಗ ಸಿಕ್ಕ ಕುರುಹು ಎರಡನ್ನೂ ಇಟ್ಟುಕೊಂಡು ಮಾಡಿದ ತೋಟ ಇದು. ಇನ್ನು ಹನ್ನೊಂದು ವರ್ಷದ ಶೇಕ್ಸ್‌ಪಿಯರ್ ಪಕ್ಕದ ಊರಿನಿಂದ ಬಂದು ಈ ಜಾತ್ರೆ ನೋಡಿದ್ದ ಅಂತ ಯಾರಾದರೂ ಹೇಳಿದರೆ, ಚೆನ್ನಾಗಿದೆ ಅನ್ನಿ. ಪುರಾವೆ ಯಾವುದೂ ಇಲ್ಲ.

ಯಜಮಾನರ ಮಂಡಿಗೆ ಕೆನಿಲ್‌ವರ್ತ್ ಸ್ವಲ್ಪ ಕಷ್ಟವೇ. ನಡೆಯುವುದು ಜಾಸ್ತಿ, ನೆಲ ಏರುತಗ್ಗು. ಲೆಸ್ಟರ್ಸ್ ಬಿಲ್ಡಿಂಗ್ ಒಳಗೆ ಈಗಿನ ಕಾಲದ ಮೆಟ್ಟಿಲು, ನಿಂತು ನೋಡುವ ಅಟ್ಟಣೆ ಹಾಕಿದ್ದಾರೆ. ಹಳೆ ಸುತ್ತುಮೆಟ್ಟಿಲಿಗಿಂತ ಎಷ್ಟೋ ವಾಸಿ, ಆದರೂ ಹತ್ತಲೇಬೇಕು. ಅವರು ಕೆಳಗೇ ಇರಲಿ, ತೋಟದಲ್ಲಿ ಕೂರಲಿ. ಹೆಬ್ಬಾಗಿಲ ಮನೆ ಮಾತ್ರ ಪಾಳಾಗಿಲ್ಲ. ಲೆಸ್ಟರ್ಸ್ ಬಿಲ್ಡಿಂಗಿನಿಂದ ತಂದು ಕೂರಿಸಿದ ಡಡ್ಲಿಯ ಕೆತ್ತನೆಯ ಒಲೆಗೂಡು ಅಲ್ಲಿದೆ.

ಸೂಡ್ಲಿ ನಿಮ್ಮಿಬ್ಬರಿಗೂ ಹಿಡಿಸುತ್ತದೆ. ವಿಂಚ್‌ಕೂಮ್ ಊರಿನ ಪಕ್ಕ ಇದೆ, ಅರ್ಧ ಪಾಳು, ಅರ್ಧದಲ್ಲಿ ಇವತ್ತಿಗೂ ಜನ ವಾಸ. 1535ರಲ್ಲಿ ಹೆನ್ರಿ ಇಲ್ಲಿ ಎಲಿಜಬೆತ್‌ಳ ತಾಯಿ ಆನ್ ಬೊಲಿನ್ ಜೊತೆ ತಂಗಿದ್ದ. ಎಲಿಜಬೆತ್ ಮೂರು ಸಲ ಬಂದಳು. 1592ರಲ್ಲಿ ಸ್ಪೇನಿನ ಯುದ್ಧನೌಕಾಪಡೆ ಆರ್ಮಡಾ ಸೋತದ್ದರ ನೆನಪಿಗೆ ಮೂರು ದಿನ ಹಬ್ಬ ನಡೆಯಿತು. ಪಾಳು ಬಿದ್ದ ಭೋಜನಶಾಲೆಯ ಗೋಡೆಗೆ ಈಗ ಗುಲಾಬಿ ಬಳ್ಳಿ ಹಬ್ಬಿದೆ. ಅಂಗಳದ ಚರ್ಚಿನಲ್ಲಿ ಹೆನ್ರಿಯ ಕೊನೆಯ ಹೆಂಡತಿ ಕ್ಯಾಥರಿನ್ ಪಾರ್ ಸಮಾಧಿ. ಸಮಾಧಿಯ ಬಿಳಿ ಶಿಲ್ಪ 19ನೇ ಶತಮಾನದ್ದು, ಆದರೆ ದೇಹ ಅವಳದ್ದೇ. ತೋಟಗಳಲ್ಲಿ ಓಡಾಡುವುದು ಸುಲಭ.

ವುಸ್ಟರ್‌ಗೆ ಬರ್ಮಿಂಗ್‌ಹ್ಯಾಮ್‌ನಿಂದ ನೇರ ರೈಲಿದೆ. 1575ರ ಆಗಸ್ಟ್‌ನಲ್ಲಿ ರಾಣಿ ಬಂದ ಊರು. ಕೆಥೆಡ್ರಲ್ ಒಳಗೆ ಅವಳ ದೊಡ್ಡಪ್ಪ, ಅಂದರೆ ಹೆನ್ರಿಯ ಅಣ್ಣ ಆರ್ಥರನ ಸಮಾಧಿ ಇದೆ. 1502ರಲ್ಲಿ ಚಿಕ್ಕ ವಯಸ್ಸಿನಲ್ಲೇ ಸತ್ತ. ಅವನು ಬದುಕಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಅಲ್ವಾ? ಊರಿನ ಲಾಂಛನದಲ್ಲಿ ಪೇರ್ ಹಣ್ಣು ಬಂದದ್ದು ರಾಣಿಯಿಂದ ಅನ್ನುವುದು ಊರವರ ನಂಬಿಕೆ. ಇರಲಿ ಬಿಡಿ.

ವುಡ್‌ಸ್ಟಾಕ್‌ಗೆ ಟ್ಯೂಡರ್ ನೋಡಲೆಂದು ಹೋಗಬೇಡಿ. ಹಳೆ ಅರಮನೆಯನ್ನು 18ನೇ ಶತಮಾನದಲ್ಲಿ ಕೆಡವಿದರು. ಈಗಿರುವುದು ಬ್ಲೆನಿಮ್ ಅರಮನೆ, ಅದು ಬೇರೆಯೇ ಕಾಲದ್ದು.

ಸಮಯ ಇದ್ದರೆ ಚಾರ್ಲ್‌ಕೋಟ್ ಸೇರಿಸಿ. 1572ರಲ್ಲಿ ರಾಣಿ ಬಂದ ಮನೆ. ಹೆಬ್ಬಾಗಿಲ ಕಟ್ಟಡ ಆಗಿನದೇ. ಒಳಗಿನ ಸಿಂಗಾರ ಬಹುತೇಕ 19ನೇ ಶತಮಾನದವರು ತಮ್ಮ ಕಲ್ಪನೆಯ ಎಲಿಜಬೆತ್ ಕಾಲ ಹೀಗಿರಬೇಕು ಅಂತ ಮಾಡಿಸಿದ್ದು. ಹತ್ತಿರದ ವಾರಿಕ್ ಕೋಟೆ ಈಗ ಮಕ್ಕಳ ಮನರಂಜನೆಯ ಜಾಗ, ಮೊಮ್ಮಕ್ಕಳಿದ್ದರೆ ಸರಿ. ಅದೇ 1572ರಲ್ಲಿ ರಾಣಿಗೆ ಅಲ್ಲಿ ಬೆಂಕಿಯಾಟ ತೋರಿಸಲು ಹೋಗಿ ಸೇತುವೆ ಪಕ್ಕದ ಒಬ್ಬನ ಮನೆ ಸುಟ್ಟುಹೋಯಿತು. ಮರುದಿನ ರಾಣಿಯೂ ದರ್ಬಾರಿನವರೂ ಸೇರಿ ಅವನಿಗೆ ಪರಿಹಾರ ಕೊಟ್ಟರು.

ಆರಂಭದಲ್ಲಿ ಹೇಳಿದ ಆ ಒಂದು ಕೋಣೆ ಬ್ರಿಸ್ಟಲ್ ಹತ್ತಿರದ ಐರನ್ ಆಕ್ಟನ್ ಹಳ್ಳಿಯಲ್ಲಿದೆ. ಆಕ್ಟನ್ ಕೋರ್ಟ್. 1535ರಲ್ಲಿ ಹೆನ್ರಿ ಮತ್ತು ಆನ್ ಬರುತ್ತಾರೆ ಎಂದು ಗೊತ್ತಾಗಿ ನಿಕೋಲಸ್ ಪಾಯಿಂಟ್ಸ್ ಎಂಬ ಯಜಮಾನ ತನ್ನ ಮನೆಗೆ ಇಡೀ ಒಂದು ಹೊಸ ಭಾಗವನ್ನೇ ಸೇರಿಸಿದ. ಒಂಬತ್ತು ತಿಂಗಳಲ್ಲಿ, ಗಡಿಬಿಡಿಯಲ್ಲಿ. ಇಟಲಿಯ ಗಾಜು, ಸ್ಪೇನಿನ ಪಿಂಗಾಣಿ ತರಿಸಿದ್ದ. ಅವುಗಳ ಚೂರು ಅಲ್ಲಿ ಅಗೆದಾಗ ಸಿಕ್ಕಿವೆ. ಗೋಡೆಯ ಮೇಲೆ ಆಗಿನ ಹೊಸ ಇಟಲಿ ಶೈಲಿಯ ಚಿತ್ರಪಟ್ಟಿ ಬರೆಸಿದ. ರಾಜನ ಕೋಣೆಗೆ ಸೇರಿಕೊಂಡೇ ಶೌಚದ ಗೂಡು. ಮುಂದೆ ಆ ವಂಶ ಇಳಿಯಿತು, ಮನೆ ರೈತರ ಕೈಗೆ ಹೋಯಿತು. ಹೊಸದಾಗಿ ಮಾಡಿಸಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿಯೇ ಉಳಿಯಿತು. ಒಳಗೆ ಒಂದು ಕುರ್ಚಿಯೂ ಇಲ್ಲ, ಖಾಲಿ ಕೋಣೆಗಳು. ಇಡೀ ಇಂಗ್ಲೆಂಡಿನಲ್ಲಿ ನನಗೆ ಅತ್ಯಂತ ಇಷ್ಟದ ಟ್ಯೂಡರ್ ಜಾಗ ಇದು. ತೊಂದರೆ ಒಂದೇ: ಬೇಸಿಗೆಯಲ್ಲಿ ಕೆಲವೇ ದಿನ ತೆರೆಯುತ್ತಾರೆ, ಮುಂಚೆ ಬುಕ್ ಮಾಡಬೇಕು. ನಿಮ್ಮ ವಿಮಾನದ ಟಿಕೆಟ್ ತೆಗೆಯುವ ಮೊದಲೇ ಅವರ ದಿನಾಂಕ ನೋಡಿಬಿಡಿ. ಅಲ್ಲಿಂದ ಸ್ವಲ್ಪ ದೂರದ ಥಾರ್ನ್‌ಬರಿ ಕೋಟೆಯಲ್ಲೂ ಅದೇ ಆಗಸ್ಟ್‌ನಲ್ಲಿ ಹೆನ್ರಿ, ಆನ್ ತಂಗಿದ್ದರು. ಬ್ರಿಸ್ಟಲ್‌ಗೆ ಹೋಗಬೇಕಿತ್ತು, ಅಲ್ಲಿ ಪ್ಲೇಗ್ ಇತ್ತು. ಆ ಕೋಟೆ ಈಗ ಹೋಟೆಲ್. ರಾತ್ರಿ ಉಳಿಯುವುದು ದುಬಾರಿ, ಮಧ್ಯಾಹ್ನದ ಟೀಗೆ ಹೋಗಿ ಬರಬಹುದು.

ಬರ್ಲಿಗೆ ಹೋಗಬಾರದು ಅಂತಲ್ಲ. ಸ್ಟ್ಯಾಮ್‌ಫರ್ಡ್‌ಗೆ ಬರ್ಮಿಂಗ್‌ಹ್ಯಾಮ್‌ನಿಂದ ನೇರ ರೈಲಿದೆ. ಹೊರಗಿನ ನೋಟ, ಅಡುಗೆಮನೆ ಎರಡೂ ಸೆಸಿಲ್ ಕಾಲದ್ದು, ಭರ್ಜರಿಯಾಗಿವೆ. ಮೇಲಿನ ಚಿತ್ರದ ಕೋಣೆಗಳು ನೂರು ವರ್ಷ ಆಮೇಲಿನವು ಅಂತ ತಿಳಿದುಕೊಂಡು ಹೋದರೆ ಬೇಸರವಾಗುವುದಿಲ್ಲ.

ಇನ್ನು ಟಿಕೆಟ್ ವಿಷಯ. ಜನ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಕೆನಿಲ್‌ವರ್ತ್ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಚಾರ್ಲ್‌ಕೋಟ್ ನ್ಯಾಷನಲ್ ಟ್ರಸ್ಟಿನದು. ಸೂಡ್ಲಿ ಖಾಸಗಿ. ಬರ್ಲಿ ಬೇರೆ ಟ್ರಸ್ಟ್. ಒಂದರ ಕಾರ್ಡು ಇನ್ನೊಂದರಲ್ಲಿ ನಡೆಯುವುದಿಲ್ಲ. ಹೊರದೇಶದವರಿಗೆ ಇಂಗ್ಲಿಷ್ ಹೆರಿಟೇಜ್ ಕೊಡುವ ಪಾಸು ಚೆನ್ನಾಗಿದೆ, ಆದರೆ ನಾನು ಹೇಳಿದ ದಾರಿಯಲ್ಲಿ ಅವರದ್ದು ಕೆನಿಲ್‌ವರ್ತ್ ಒಂದೇ. ಅದೊಂದಕ್ಕಾಗಿ ಪಾಸು ಸುಮ್ನೆ ದಂಡ. ಮಗಳ ಹತ್ತಿರ ಮೆಂಬರ್‌ಶಿಪ್ ಇದ್ದರೂ ಅದು ಅವಳಿಗೆ ಮಾತ್ರ, ಅಪ್ಪ ಅಮ್ಮನಿಗೆ ಬೇರೆ ಟಿಕೆಟ್ ಬೇಕು. ಹೊರಡುವ ಹಿಂದಿನ ದಿನ ಆಯಾ ಜಾಗದ ವೆಬ್‌ಸೈಟ್ ನೋಡಿ. ಮದುವೆ, ಸಂಗೀತ ಕಚೇರಿ ಅಂತ ಮನೆಯ ಒಳಭಾಗ ಮುಚ್ಚಿ ತೋಟ ಮಾತ್ರ ತೆರೆದಿರುವುದುಂಟು. ಗಾಲಿಕುರ್ಚಿ ಕೆಲವು ಕಡೆ ಕೇಳಿದರೆ ಕೊಡುತ್ತಾರೆ, ಮೊದಲೇ ಫೋನ್ ಮಾಡಬೇಕು. ಸೂಡ್ಲಿ, ಆಕ್ಟನ್ ಕೋರ್ಟ್‌ಗಳಿಗೆ ಬಸ್ಸು ನಂಬಿ ಹೊರಡಬೇಡಿ, ಅಳಿಯಂದಿರನ್ನೇ ಕಾರು ಓಡಿಸಲು ಒಪ್ಪಿಸಿ.